ಜಂಪ್‌ಸೀಟ್ ಸಿಗದಿದ್ದಕ್ಕೆ ಸಂಬಳ ಕಡಿತದ ಒಪ್ಪಂದ ಕಾರಣ ಇರಲಿಕ್ಕಿಲ್ಲ

ನಿಮ್ಮ ಯೂನಿಯನ್ ಸಂಬಳ ಕಡಿತಕ್ಕೆ ಒಪ್ಪಿದ ಸಿಟ್ಟಿಗೇ ಡೆನ್ವರ್‌ನಲ್ಲಿ ಬೇರೆ ವಿಮಾನ ಕಂಪನಿಯವರು ನಿಮಗೆ ಜಂಪ್‌ಸೀಟ್ (ಬೇರೆ ಪೈಲಟ್‌ಗಳು ಕೂತು ಹೋಗಬಹುದಾದ ಕಾಕ್‌ಪಿಟ್‌ನ ಹೆಚ್ಚುವರಿ ಸೀಟು) ಕೊಡಲಿಲ್ಲವಾ ಎಂದು ಕೇಳಿದ್ದೀರಿ. ಕ್ಯಾಪ್ಟನ್ ಅಲ್ಲ, ಗೇಟ್ ಏಜೆಂಟೇ ವಾಪಸ್ ಕಳಿಸಿದ್ದಾರೆ. ಹಾಗಾದರೆ ಕಾರಣ ಹೆಚ್ಚಾಗಿ ಕ್ಯಾಸ್ ದಾಖಲೆ. ಕ್ಯಾಸ್ ಅಂದರೆ ಕಾಕ್‌ಪಿಟ್‌ನಲ್ಲಿ ಕೂರಲು ಬಂದ ಪೈಲಟ್‌ನ ಗುರುತು, ಕೆಲಸ ಪರಿಶೀಲಿಸುವ ಕಂಪ್ಯೂಟರ್ ವ್ಯವಸ್ಥೆ. ಏಜೆಂಟ್ ನಿಮ್ಮ ಉದ್ಯೋಗಿ ಸಂಖ್ಯೆ ಒತ್ತಿದಾಗ ಪರದೆ ಮೇಲೆ ನಿಮ್ಮ ಫೋಟೊ ಬರಬೇಕು. ಬರದಿದ್ದರೆ ಕಾಕ್‌ಪಿಟ್‌ಗೆ ಬಿಡುವುದಿಲ್ಲ. ನೀವು ಕಂಪನಿ ಬದಲಿಸಿ ಮೂರೇ ವಾರ, ಹೆಸರು ಇನ್ನೂ ಏರಿಲ್ಲದಿರಬಹುದು. ಆ ಪರದೆ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ನಿಮ್ಮ ಚೀಫ್ ಪೈಲಟ್ ಆಫೀಸಿಗೆ ಫೋನ್ ಮಾಡಿ, ಕ್ಯಾಸ್‌ನಲ್ಲಿ ಹೆಸರು ಇದೆಯಾ, ಸಂಖ್ಯೆಯನ್ನು ಹೇಗೆ ಒತ್ತಬೇಕು ಎಂದು ಕೇಳಿ. ನನಗೆ ಸಂಖ್ಯೆಯ ಆರಂಭದ ಒಂದು ಸೊನ್ನೆ ಬಿಟ್ಟು ಒತ್ತಿದ್ದಕ್ಕೇ ಎರಡು ವಿಮಾನ ತಪ್ಪಿತ್ತು. ಆಮೇಲೆ ಯೂನಿಯನ್ನಿನ ಜಂಪ್‌ಸೀಟ್ ಸಂಯೋಜಕರ ಹತ್ತಿರ, ಆ ಕಂಪನಿಯೊಂದಿಗೆ ಜಂಪ್‌ಸೀಟ್ ಕೊಡುವ ಪರಸ್ಪರ ಒಪ್ಪಂದ ಇದೆಯಾ ಎಂದು ವಿಚಾರಿಸಿ.

ಮುಂದಿನ ಸಲ ಬ್ಯಾಡ್ಜ್, ಪೈಲಟ್ ಸರ್ಟಿಫಿಕೇಟ್, ಮೆಡಿಕಲ್ ಸರ್ಟಿಫಿಕೇಟ್ ಮೂರೂ ಕೈಯಲ್ಲಿರಲಿ. ಬೇಗ ಹೋಗಿ. ಗೇಟ್‌ನಲ್ಲಿ ಸರಿ ಅಂದರೂ ಕ್ಯಾಪ್ಟನ್ ಹತ್ತಿರ ನೀವೇ ಹೋಗಿ ಅನುಮತಿ ಕೇಳಿ, ಕೊನೆಯ ಮಾತು ಅವರದೇ. ಅವರೇ ಬೇಡ ಅಂದರೆ ಅಲ್ಲಿ ವಾದ ಬೇಡ. ವಿಮಾನದ ಸಂಖ್ಯೆ, ದಿನಾಂಕ ಬರೆದಿಟ್ಟು ಸಂಯೋಜಕರಿಗೆ ಕಳಿಸಿ.