ಬಾಗಿಲ ಮೇಲಿನ ಅಕ್ಷರ, ರಾತ್ರಿ ಎರಡರ ಮೀಟರು

ಪ್ರಶ್ನೆ: ಹನ್ನೆರಡು ಮಹಡಿಯ ಕಚೇರಿ ಕಟ್ಟಡವೊಂದರ ಉಸ್ತುವಾರಿ ನನ್ನದು. ಇನ್ನು ಮುಂದೆ ಇಡೀ ಕಟ್ಟಡದ ಕರೆಂಟು, ಗ್ಯಾಸಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಕೊಡಬೇಕೆಂದು ನಗರಾಡಳಿತದಿಂದ ಪತ್ರ ಬಂದಿದೆ. ಬಿಲ್ಲನ್ನು ತಪ್ಪದೆ ಕಟ್ಟುತ್ತಿದ್ದೇವೆ. ಮತ್ತೆ ಲೆಕ್ಕ ಯಾಕೆ? ಇದು ಸುಮ್ನೆ ಕಾಗದದ ಕೆಲಸ ಅಲ್ವಾ?

ಉತ್ತರ: ಅಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಮೂವತ್ತು ವರ್ಷ ದೊಡ್ಡ ಕಟ್ಟಡಗಳ ಪಂಪು, ಫ್ಯಾನು, ಚಿಲ್ಲರ್‌ಗಳ (ಇಡೀ ಕಟ್ಟಡ ತಂಪು ಮಾಡಲು ನೀರನ್ನು ತಣ್ಣಗಾಗಿಸುವ ಯಂತ್ರ) ಜೊತೆಗೇ ಕಳೆದವನು ನಾನು. ಬಿಲ್ಲು ಅಕೌಂಟ್ಸ್ ವಿಭಾಗಕ್ಕೆ ಹೋಗುತ್ತದೆ. ಯಂತ್ರ ಓಡಿಸುವವರು ಇರುವುದು ನೆಲಮಾಳಿಗೆಯಲ್ಲಿ. ಎಷ್ಟೋ ಕಡೆ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

ಒಮ್ಮೆ ಒಂದು ಎಂಟು ಮಹಡಿ ಕಟ್ಟಡಕ್ಕೆ ನನ್ನನ್ನು ಕರೆದಿದ್ದರು. ಕರೆಂಟು ಜಾಸ್ತಿ ಬರುತ್ತಿದೆ, ಚಿಲ್ಲರ್ ಹಳೆಯದಾಗಿದೆ, ಹೊಸದು ಹಾಕಬೇಕು ಅಂತ ಎಲ್ಲರದ್ದೂ ಒಂದೇ ಮಾತು. ನಾನು ರಾತ್ರಿ ಎರಡು ಗಂಟೆಗೆ ಹೋಗಿ ಮೀಟರ್ ನೋಡಿದೆ. ಹಗಲು ಎಳೆಯುತ್ತಿದ್ದುದರ ಅರ್ಧಕ್ಕಿಂತ ಜಾಸ್ತಿ ಓಡುತ್ತಿತ್ತು. ಕಟ್ಟಡದಲ್ಲಿ ಕಾವಲುಗಾರ ಬಿಟ್ಟರೆ ನರಪಿಳ್ಳೆ ಇಲ್ಲ. ಒಂದೊಂದೇ ಮಹಡಿ ಹತ್ತಿದೆ. ಐದನೇ ಮಹಡಿಗೆ ಬಂದಾಗ ಬೆಲ್ಟ್ ತಿರುಗುವ ಸದ್ದು ಕೇಳಿಸಿತು. ಗಾಳಿ ಕಳಿಸುವ ಯಂತ್ರದ ಕೋಣೆ ತೆಗೆದು ನೋಡಿದರೆ, ಪ್ಯಾನೆಲ್ ಮೇಲಿನ ಸ್ವಿಚ್ ‘ಆಟೋ’ದಲ್ಲಿ ಇರಲಿಲ್ಲ, ‘ಮ್ಯಾನ್ಯುಯಲ್‌’ಗೆ ತಿರುಗಿತ್ತು. ಯಾರೂ ಅಲ್ಲಾಡಿಸದಿರಲಿ ಅಂತ ಮೇಲೆ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಮೇಲೆ ಧೂಳು ದಪ್ಪಗೆ ಕೂತಿತ್ತು.

ಬೆಳಗ್ಗೆ ವಿಚಾರಿಸಿದೆ. ಒಂದು ಭಾನುವಾರ ಅಲ್ಲಿ ಮೀಟಿಂಗ್ ಇತ್ತಂತೆ. ಅವತ್ತು ಫ್ಯಾನು ನಿಲ್ಲಬಾರದೆಂದು ಸುತ್ತಿದ ಟೇಪು ಅದು. ಮೀಟಿಂಗ್ ಮುಗಿದು ಎಂಟು ತಿಂಗಳಾಗಿತ್ತು! ಇನ್ನೂ ಮೂರು ಮಹಡಿಗಳಲ್ಲಿ ಅದೇ ಟೇಪು ಸಿಕ್ಕಿತು. ಕೆಲಸದ ಹುಡುಗರನ್ನು ನಾನು ಬೈಯಲಿಲ್ಲ. ಫ್ಯಾನು ನಿಂತರೆ ಅವರಿಗೆ ಫೋನ್ ಬರುತ್ತದೆ. ಸುಮ್ಮನೆ ಓಡುತ್ತಿದ್ದರೆ ಯಾರೂ ಕೇಳುವುದಿಲ್ಲ.

ನಗರಾಡಳಿತ ಕೇಳುತ್ತಿರುವುದು ಇದನ್ನೇ. ವರ್ಷಕ್ಕೆ ಎಷ್ಟು ಶಕ್ತಿ ಖರ್ಚಾಯಿತು, ಅದನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿದರೆ ಎಷ್ಟು ಬರುತ್ತದೆ? ಆ ಸಂಖ್ಯೆಯನ್ನು ನಿಮ್ಮಂಥದೇ ಕಟ್ಟಡಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಆಸ್ಪತ್ರೆಯನ್ನು ಆಸ್ಪತ್ರೆಯ ಜೊತೆ, ಕಚೇರಿಯನ್ನು ಕಚೇರಿಯ ಜೊತೆ. ನ್ಯೂಯಾರ್ಕ್ ನಗರ ಈ ಕಾನೂನನ್ನು 2009ರಲ್ಲೇ ತಂದಿತು. ಮೊದಲು 50,000 ಚದರಡಿಗಿಂತ ದೊಡ್ಡ ಕಟ್ಟಡಗಳಿಗೆ ಇತ್ತು, ಆಮೇಲೆ 25,000ಕ್ಕೆ ಇಳಿಸಿದರು. 2020ರಿಂದ ಕಟ್ಟಡದ ಬಾಗಿಲ ಹತ್ತಿರ ಎ, ಬಿ, ಸಿ, ಡಿ ಅಂತ ದರ್ಜೆಯ ಚೀಟಿಯನ್ನೂ ಅಂಟಿಸಬೇಕು. ಈ ಹೋಲಿಕೆಯಲ್ಲಿ ಸಿಕ್ಕ ಅಂಕ ನೂರಕ್ಕೆ 85 ಅಥವಾ ಅದಕ್ಕಿಂತ ಮೇಲಿದ್ದರೆ ಎ, 55ಕ್ಕಿಂತ ಕಡಿಮೆಯಾದರೆ ಡಿ. ಲೆಕ್ಕವನ್ನೇ ಕೊಡದವರಿಗೆ ಎಫ್. ಒಳಗೆ ಕಾಲಿಡುವ ಪ್ರತಿಯೊಬ್ಬರ ಕಣ್ಣಿಗೂ ಅದು ಬೀಳುತ್ತದೆ.

ನಿಮ್ಮ ಫಾರಂ ತುಂಬುವ ಮೊದಲು ಒಂದು ರಾತ್ರಿ ನೀವೇ ಹೋಗಿ ಮೀಟರ್ ನೋಡಿ ಬನ್ನಿ.

ಪ್ರಶ್ನೆ: ಬಾಗಿಲಿಗೆ ಅಕ್ಷರ ಅಂಟಿಸಿದರೆ ಒಂದು ಯೂನಿಟ್ಟಾದರೂ ಉಳಿಯುತ್ತದೆಯೇ? ದುಡ್ಡಿದ್ದವರು ಡಿ ಇದ್ದರೂ ಆರಾಮಾಗಿ ಇರುತ್ತಾರೆ.

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅಕ್ಷರ ಒಂದೇ ಸಾಲದು. ಅದಕ್ಕೇ ಕೆಲವು ನಗರಗಳು ಮಿತಿ ಹಾಕಿವೆ. ಟೋಕಿಯೊ ಮಹಾನಗರ ಆಡಳಿತ 2010ರ ಏಪ್ರಿಲ್‌ನಲ್ಲಿ ತನ್ನ ಅತಿ ದೊಡ್ಡ ಕಚೇರಿ ಕಟ್ಟಡ, ಕಾರ್ಖಾನೆಗಳ ಇಂಗಾಲದ ಹೊಗೆಗೆ ಮಿತಿ ಹಾಕಿತು. ಮಿತಿಗಿಂತಲೂ ಕಡಿಮೆ ಮಾಡಿದವರು ಆ ಉಳಿಕೆಯನ್ನು ಮೀರಿದವರಿಗೆ ಮಾರಬಹುದು. ಮೊದಲ ಐದು ವರ್ಷದ ಗುರಿ ಶೇ 6 ಅಥವಾ 8 ಮಾತ್ರ. ಆದರೆ ಐದನೇ ವರ್ಷದ ಹೊತ್ತಿಗೆ ಎಲ್ಲ ಸೇರಿ ಶೇ 25ರಷ್ಟು ಇಳಿದಿತ್ತು. 2011ರ ಭೂಕಂಪದ ನಂತರ ಅಲ್ಲಿ ಕರೆಂಟಿಗೆ ಬಂದ ಕೊರತೆಯೂ ಇದಕ್ಕೆ ಒಂದು ಕಾರಣ, ಅದನ್ನು ಮುಚ್ಚಿಡಬಾರದು. ಆದರೂ ಅಲ್ಲಿನವರು ಕೊರತೆಯ ಕಾಲದಲ್ಲಿ ಕಲಿತ ಅಭ್ಯಾಸವನ್ನು ಆಮೇಲೆ ಪೂರ್ತಿ ಬಿಟ್ಟುಬಿಡಲಿಲ್ಲ. ಇದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ನ್ಯೂಯಾರ್ಕ್ ಕೂಡ 2019ರಲ್ಲಿ ಮಿತಿಯ ಕಾನೂನು ಮಾಡಿತು. 2024ರಿಂದ ಜಾರಿಯಲ್ಲಿದೆ, 2030ಕ್ಕೆ ಇನ್ನೂ ಬಿಗಿಯಾಗುತ್ತದೆ. ಮಿತಿ ಮೀರಿದ ಪ್ರತಿ ಟನ್ ಇಂಗಾಲದ ಹೊಗೆಗೆ ವರ್ಷಕ್ಕೆ 268 ಡಾಲರ್‌ವರೆಗೆ ದಂಡ. ಇದರಲ್ಲಿ ನನಗೆ ದಂಡಕ್ಕಿಂತ ದೊಡ್ಡದಾಗಿ ಕಾಣುವುದು ಆ ಐದು ವರ್ಷದ ಮುನ್ಸೂಚನೆ. ದೊಡ್ಡ ಯಂತ್ರವನ್ನು ಯಾರೂ ನಾಳೆಯೇ ಬದಲಾಯಿಸುವುದಿಲ್ಲ. ಹಳೆಯ ಬಾಯ್ಲರ್ ಕೆಟ್ಟ ದಿನ ಏನು ತರಬೇಕು ಅಂತ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಗಡಿಬಿಡಿಯಲ್ಲಿ ಅದೇ ತರಹದ್ದನ್ನು ತಂದು ಕೂರಿಸುತ್ತಾರೆ, ಅದು ಇನ್ನು ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಕಾನೂನಿನ ಜೊತೆಗೆ ಆ ನಗರ ಕಟ್ಟಡದವರಿಗೆ ಪುಕ್ಕಟೆ ತಾಂತ್ರಿಕ ಸಲಹೆಯನ್ನೂ ಕೊಡುತ್ತದೆ. ಸಲಹೆ ಕೊಡದೆ ಬರೀ ದಂಡ ಹಾಕುವ ಆಡಳಿತವನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಾವು ಒಂದು ಮಹಡಿಯ ಬಾಡಿಗೆದಾರರು. ಕರೆಂಟಿನ ದುಡ್ಡನ್ನು ಮಾಲೀಕರು ವಿಸ್ತೀರ್ಣದ ಲೆಕ್ಕದಲ್ಲಿ ಹಂಚುತ್ತಾರೆ. ನಾವು ಉಳಿಸಿ ಏನು ಲಾಭ?

ಉತ್ತರ: ನಿಮಗೆ ಬೇರೆ ಮೀಟರ್ ಹಾಕಿಕೊಡಿ ಅಂತ ಕೇಳಿ. ಅದಿಲ್ಲದೆ ಬೇರೆ ಯಾವ ಮಾತೂ ಮುಂದೆ ಹೋಗುವುದಿಲ್ಲ. ನೀವು ದೀಪ ಆರಿಸಿದ ಲಾಭ ಪಕ್ಕದವರಿಗೆ ಹಂಚಿಹೋಗುತ್ತದೆ, ಅವರು ಉರಿಸಿದ್ದು ನಿಮ್ಮ ತಲೆಗೆ ಬರುತ್ತದೆ. ದೊಡ್ಡ ವಾಣಿಜ್ಯ ಬಾಡಿಗೆದಾರರಿಗೆ ಪ್ರತ್ಯೇಕ ಮೀಟರ್ ಇರಲೇಬೇಕೆಂದು ನ್ಯೂಯಾರ್ಕ್ ಕಾನೂನು ಮಾಡಿದ್ದು ಇದಕ್ಕೇ.

ಪ್ರಶ್ನೆ: ನಮ್ಮ ಕಟ್ಟಡ ತುಂಬಾ ಹಳೆಯದು. ಮೊದಲು ಚಿಲ್ಲರ್ ಬದಲಾಯಿಸಬೇಕೋ, ಕಿಟಕಿಯೋ?

ಉತ್ತರ: ಮೊದಲು ಬೇಡದ ಹೊರೆ ಇಳಿಸಿ. ಚಿಲ್ಲರ್ ವಿಚಾರ ಕೊನೆಗೆ. ಎಲ್ಲಕ್ಕಿಂತ ಮೊದಲು ಫ್ಯಾನುಗಳ ಸಮಯ ಮತ್ತು ವೇಗ ನೋಡಿ. ಗಾಳಿ ಕಳಿಸುವ ಫ್ಯಾನಿನ ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಅದು ಎಳೆಯುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಾನು ಇದನ್ನು ಹೇಳಿದಾಗ ನಂಬದವರಿಗೆ ಮೀಟರ್ ಮುಂದೆ ನಿಲ್ಲಿಸಿಯೇ ತೋರಿಸಿದ್ದೇನೆ.

ಹಳೆಯ ಕಟ್ಟಡ ಅಂದಿರಿ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ತೆರೆದದ್ದು 1931ರಲ್ಲಿ. ಸುಮಾರು ಎಂಬತ್ತು ವರ್ಷದ ನಂತರ ಅದನ್ನು ಸುಧಾರಿಸಲು ಹೊರಟಾಗ 6,514 ಕಿಟಕಿಗಳ ಗಾಜನ್ನು ಎಸೆಯಲಿಲ್ಲ. ಕಟ್ಟಡದ ಒಳಗೇ ಒಂದು ಸಣ್ಣ ಕಾರ್ಖಾನೆ ಮಾಡಿಕೊಂಡರು. ಗಾಜು ಬಿಚ್ಚಿ, ತೊಳೆದು, ಎರಡು ಗಾಜಿನ ನಡುವೆ ಶಾಖ ತಡೆಯುವ ತೆಳು ಹಾಳೆ ಇಟ್ಟು, ಅದೇ ಗಾಜನ್ನು ಮತ್ತೆ ಕೂರಿಸಿದರು. ಬಿಸಿ ಹೊರಗೆ ಹೋಗದಂತೆ, ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳ ಹಿಂದೆ ಹೊದಿಕೆ ಹಾಕಿದರು. ಇಷ್ಟಾದ ಮೇಲೆ ನೋಡಿದರೆ ತಂಪು ಮಾಡುವ ಹೊರೆಯೇ ಇಳಿದಿತ್ತು. ಚಿಲ್ಲರ್ ದೊಡ್ಡದು ಮಾಡುವ ಅಗತ್ಯ ಬರಲಿಲ್ಲ, ಇದ್ದುದನ್ನೇ ಒಳಗಿನಿಂದ ಹೊಸದು ಮಾಡಿದರು. ಅಲ್ಲಿ ಗುರಿ ಇಟ್ಟಿದ್ದು ಶೇ 38ರಷ್ಟು ಉಳಿತಾಯಕ್ಕೆ.

ನೀವು ಚಿಲ್ಲರ್‌ಗೆ ಕೊಟೇಶನ್ ತರಿಸಿದ್ದರೆ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಿಟಕಿ, ಫ್ಯಾನು, ಟೈಮರ್ ಸರಿಮಾಡಿ ಒಂದು ಬೇಸಿಗೆ ಕಳೆಯಲಿ. ಆಮೇಲೆ ಎಷ್ಟು ದೊಡ್ಡ ಚಿಲ್ಲರ್ ಬೇಕು ಅಂತ ಮತ್ತೆ ಅಳತೆ ಮಾಡಿಸಿ, ನನಗೂ ಒಂದು ಕಾಗದ ಬರೆಯಿರಿ.