ಉಬುಂಟುನಲ್ಲಿ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್: ಎಸ್‌ಪಿ ರೋಡಿಗೆ ಹೋಗುವ ಮೊದಲು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಕೊಂಡ ಹಳೆಯ ಇಂಟರ್‌ಫೇಸ್ (ಮೈಕ್, ವಾದ್ಯಗಳ ಧ್ವನಿಯನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆ) ವಿಂಡೋಸ್‌ನಲ್ಲಿ ಕೆಲಸ ಮಾಡುತ್ತದೆ, ಉಬುಂಟು ಎಂಬ ಲಿನಕ್ಸ್‌ನಲ್ಲಿ ಕಾಣಿಸುವುದೇ ಇಲ್ಲ, ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ.

ಹುಡುಕುವ ಮೊದಲು ಒಂದು ಕೆಲಸ ಮಾಡಿ. ಸಾಧನ ಸಿಕ್ಕಿಸಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡನ್ನು 'ಹೈಫನ್ ಟಿ' ಸೇರಿಸಿ (lsusb -t) ಕೊಡಿ. ಅದರ ಸಾಲಿನಲ್ಲಿ ಕ್ಲಾಸ್ 'ಆಡಿಯೋ' ಎಂದಿದ್ದರೆ ಒಳ್ಳೆಯ ಸುದ್ದಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ ಆಲ್ಸಾ ಎಂಬ ಧ್ವನಿ ವ್ಯವಸ್ಥೆಯ ಯುಎಸ್‌ಬಿ ಡ್ರೈವರ್ ಅದನ್ನು ಸಾಮಾನ್ಯವಾಗಿ ನೋಡಿಕೊಳ್ಳುತ್ತದೆ, ಬೇರೇನೂ ಹಾಕಬೇಕಿಲ್ಲ. ತೊಂದರೆ ಬಹುಶಃ ಸೌಂಡ್ ಸೆಟ್ಟಿಂಗ್‌ನಲ್ಲಿ, ಕೇಬಲ್‌ನಲ್ಲಿ ಇರುತ್ತದೆ.

'ವೆಂಡರ್ ಸ್ಪೆಸಿಫಿಕ್' ಎಂದು ಬಂದು, ಡ್ರೈವರ್ ಜಾಗ ಖಾಲಿ ಇದ್ದರೆ ಕಷ್ಟ. ಆ ಕಂಪನಿ ಯುಎಸ್‌ಬಿ ಆಡಿಯೋದ ಸಾಮಾನ್ಯ ನಿಯಮ ಬಿಟ್ಟು ತನ್ನದೇ ಭಾಷೆ ಇಟ್ಟುಕೊಂಡಿದೆ. ಅದರ ವಿವರ ಹೊರಗೆ ಕೊಡದಿದ್ದರೆ, ಯಾರಾದರೂ ವಿಂಡೋಸ್ ಡ್ರೈವರ್ ಏನು ಕಳಿಸುತ್ತದೆ ಎಂದು ನೋಡಿ ನೋಡಿ ಲಿನಕ್ಸ್ ಡ್ರೈವರ್ ಬರೆಯಬೇಕು. ದುಡ್ಡು ಕೊಟ್ಟವರಿಗೆ ಇದು ಅನ್ಯಾಯ ಅಲ್ವಾ? ಕೆಲವು ಸಾಧನಗಳಲ್ಲಿ ಆ ಸಾಮಾನ್ಯ ನಿಯಮದಂತೆ ನಡೆಯುವ 'ಕ್ಲಾಸ್ ಕಂಪ್ಲಯಂಟ್' ಎಂಬ ಮೋಡ್ ಇರುತ್ತದೆ, ಮ್ಯಾನುಯಲ್‌ನಲ್ಲಿ ಹುಡುಕಿ.

ಬದಲಾಯಿಸುವುದಾದರೆ ಅಂಗಡಿಯವರನ್ನು ಸುಮ್ನೆ 'ಲಿನಕ್ಸ್‌ಗೆ ಆಗುತ್ತಾ' ಎಂದು ಕೇಳಬೇಡಿ. 'ಐಪ್ಯಾಡ್‌ಗೆ ಆಗುತ್ತಾ' ಎಂದು ಕೇಳಿ. ಐಪ್ಯಾಡ್‌ನಲ್ಲಿ ಡ್ರೈವರ್ ಹಾಕದೆ ನಡೆಯುವ ಇಂಟರ್‌ಫೇಸ್ ಲಿನಕ್ಸ್‌ನಲ್ಲೂ ಜಾಸ್ತಿ ಸಲ ನಡೆಯುತ್ತದೆ. ಸಾಧನದ ಒಳಗಿನ ಮಿಕ್ಸರ್ (ಧ್ವನಿಗಳನ್ನು ಬೆರೆಸುವ ಭಾಗ) ಮಾತ್ರ ಬೇರೆ ವಿಷಯ. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಇಂಟರ್‌ಫೇಸ್‌ಗಳ 2ನೇ ಪೀಳಿಗೆಯ ಮಿಕ್ಸರ್ ಬೆಂಬಲ ಕರ್ನಲ್ 5.4ರಲ್ಲಷ್ಟೇ ಬಂತು. ಲ್ಯಾಪ್‌ಟಾಪ್ ಅಂಗಡಿಗೇ ಒಯ್ದು, ಸಿಕ್ಕಿಸಿ ನೋಡಿ ಕೊಳ್ಳಿ. ಎಲ್‌ಎಸ್‌ಯುಎಸ್‌ಬಿ ತೋರಿಸಿದ ಸಾಲನ್ನು ಇಲ್ಲಿ ಹಾಕಿ, ಮುಂದೆ ನೋಡೋಣ.