ಅಗಲ ಮಾಡಿದ್ದು ಕಾಕ್‌ಪಿಟ್ಟನ್ನು, ಕೆಟ್ಟದ್ದು ಬಾಲ

ನಕ್ಷೆ ಕೊಂಡು ಮನೆಯಲ್ಲೇ ಕಟ್ಟುವ ಇಬ್ಬರು ಕೂರುವ ಪುಟ್ಟ ವಿಮಾನ ಕೆಆರ್-2 ಅನ್ನು ಕಟ್ಟುತ್ತಿರುವ ನೀವು, ಕಾಕ್‌ಪಿಟ್ಟನ್ನು ನಾಲ್ಕೈದು ಇಂಚು ಅಗಲ ಮಾಡಿದರೆ ಎಷ್ಟು ವೇಗ ಕಳೆದುಕೊಳ್ಳಬೇಕಾದೀತು ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳ ಹಿಂದೆ ಅಮೆರಿಕದ ವಿಚಿಟಾದಲ್ಲಿ, ನಮ್ಮ ಮನೆಯ ಗ್ಯಾರೇಜಿನಲ್ಲಿ, ನಾನೂ ವೇಗದ ಲೆಕ್ಕವೊಂದನ್ನೇ ಹಾಕಿ ಸಮಾಧಾನಪಟ್ಟುಕೊಂಡು ಗರಗಸ ಕೈಗೆತ್ತಿಕೊಂಡಿದ್ದೆ.

ಸೊಂಟದ ಬಳಿ ಜಾಗ ಸಾಕಿತ್ತು, ಭುಜಗಳು ಮಾತ್ರ ಉಜ್ಜುತ್ತಿದ್ದವು. ಆದ್ದರಿಂದ ತಳವನ್ನು ನಕ್ಷೆಯಲ್ಲಿದ್ದಂತೆಯೇ ಬಿಟ್ಟು, ಒಡಲಿನ ಎರಡು ಪಕ್ಕಗಳನ್ನು ಜೋಡಿಸುವ ಮೇಲಿನ ಅಡ್ಡಪಟ್ಟಿಗಳನ್ನಷ್ಟೇ ಐದು ಇಂಚು ಉದ್ದ ಮಾಡಿದೆ. ಇದು ಬಹಳ ಜಾಣತನದ ಉಪಾಯವೆಂದು ಆಗ ನನಗೆ ಅನಿಸಿತ್ತು.

ನಿಮಗೂ ಗೊತ್ತಿರುವಂತೆ, ಈ ವಿಮಾನದ ಒಡಲಿನ ಎರಡು ಪಕ್ಕಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಕಟ್ಟಿ, ಆಮೇಲೆ ಎತ್ತಿ ನಿಲ್ಲಿಸಿ, ಹಿಂಭಾಗವನ್ನು ಒಳಕ್ಕೆ ಬಾಗಿಸಿ ಬಾಲದಲ್ಲಿ ಕೂಡಿಸುತ್ತೇವೆ. ನೆಟ್ಟಗೆ ನಿಂತ ಹಲಗೆಯನ್ನು ಒಳಕ್ಕೆ ಬಾಗಿಸಿದರೆ ಅದರ ತುದಿ ಒಳಕ್ಕಷ್ಟೇ ಬರುತ್ತದೆ. ಹೊರಕ್ಕೆ ವಾಲಿ ನಿಂತ ಹಲಗೆಯ ತುದಿ ಒಳಕ್ಕೆ ಬರುವುದರ ಜೊತೆಗೆ ಮೇಲಕ್ಕೂ ಏಳುತ್ತದೆ. ವಾಲು ಹೆಚ್ಚಿದಷ್ಟೂ ಏರು ಹೆಚ್ಚು. ನಕ್ಷೆಯಲ್ಲಿರುವ ವಾಲಿಗೆ ತಕ್ಕ ಏರು ನಕ್ಷೆಯಲ್ಲೇ ಅಡಗಿರುತ್ತದೆ. ನಾನು ಮೇಲ್ಭಾಗವನ್ನಷ್ಟೇ ಅಗಲಿಸಿ ವಾಲನ್ನು ಹೆಚ್ಚಿಸಿದ್ದರಿಂದ ಒಡಲು ಬಾಳೆಹಣ್ಣಿನಂತೆ ಬಾಗಿ, ಬಾಲದ ಬಳಿ ಮೇಲಿನ ಲಾಂಜೆರಾನ್, ಅಂದರೆ ಒಡಲಿನುದ್ದಕ್ಕೂ ಸಾಗುವ ಉದ್ದಪಟ್ಟಿ, ಹಿಂದಕ್ಕೆ ಏರುತ್ತ ಹೋಗಿತ್ತು. ಬಾಲದ ಅಡ್ಡರೆಕ್ಕೆಯನ್ನು ಕೂರಿಸುವಾಗ ನಾನು ಆ ಲಾಂಜೆರಾನನ್ನೇ ಸಮತಲವೆಂದು ನಂಬಿದೆ. ರೆಕ್ಕೆಯ ಕೋನಕ್ಕೆ ಆಧಾರವಾಗಿ ಎಳೆದ ಗೆರೆ ಒಡಲಿನ ಮೇಲೆ ಇನ್ನೂ ಇತ್ತು, ಅದರಿಂದ ಅಳೆಯಲಿಲ್ಲ. ಬೇರೆ ಎಲ್ಲ ತಪ್ಪುಗಳನ್ನೂ ಮರಳುಕಾಗದದಿಂದ ತಿದ್ದಬಹುದಿತ್ತು, ಇದೊಂದನ್ನು ಬಿಟ್ಟು.

ಮೊದಲ ಹಾರಾಟದಲ್ಲಿ ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಸ್ಟಿಕ್ಕನ್ನು ಮುಂದಕ್ಕೆ ಒತ್ತಿಹಿಡಿದೇ ಹಾರಿಸಬೇಕಾಯಿತು. ಕೈ ಸಡಿಲಿಸಿದರೆ ಮೂತಿ ಮೇಲೇಳುತ್ತಿತ್ತು. ಭಾರಕೇಂದ್ರ ಹಿಂದೆ ಸರಿದಿದೆಯೆಂದು ಭಾವಿಸಿ ಬ್ಯಾಟರಿಯನ್ನು ಮುಂದಕ್ಕೆ ತಂದೆ, ಮತ್ತೆ ಮತ್ತೆ ತೂಗಿದೆ, ಮೂರು ವಾರ ಕಳೆದೆ. ಕೊನೆಗೆ ಹಿರಿಯ ಹವ್ಯಾಸಿಯೊಬ್ಬರು ಬಂದು, ರೆಕ್ಕೆಯನ್ನೂ ಬಾಲವನ್ನೂ ಒಂದೇ ರಸಮಟ್ಟದಿಂದ ಅಳೆದು, ಬಾಲದ ಅಡ್ಡರೆಕ್ಕೆಯ ಮುಂದಿನ ಅಂಚು ಒಂದೂವರೆ ಡಿಗ್ರಿ ಕೆಳಗಿದೆಯೆಂದು ತೋರಿಸಿದರು. ಹಾಗಾಗಿ ಗಾಳಿ ಬಾಲವನ್ನು ಕೆಳಕ್ಕೆ ಒತ್ತಿ ಮೂತಿಯನ್ನು ಎತ್ತುತ್ತಿತ್ತು. ಎಪಾಕ್ಸಿಯಿಂದ ಅಂಟಿಸಿದ್ದ ಅಡ್ಡರೆಕ್ಕೆಯನ್ನು ಕತ್ತರಿಸಿ ತೆಗೆದು ಮತ್ತೆ ಕೂರಿಸಲು ಒಂದು ಚಳಿಗಾಲವೇ ಹಿಡಿಯಿತು.

ಆದ್ದರಿಂದ ನೀವು ವೇಗದ ಬಗ್ಗೆ ಕೇಳುತ್ತಿರುವುದೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅಗಲವೂ ನಿಮ್ಮ ನಿಜವಾದ ಕೊರತೆಯಲ್ಲ. ಈ ವಿನ್ಯಾಸದ ಖಾಲಿ ತೂಕ ಸುಮಾರು 480 ಪೌಂಡ್, ಒಟ್ಟು ಮಿತಿ 900. ಉಳಿಯುವ 420 ಪೌಂಡಿನಲ್ಲಿ ಇಂಧನವೂ ಇಬ್ಬರು ಮನುಷ್ಯರೂ ಅಡಗಬೇಕು. ಭುಜ ಉಜ್ಜುವಷ್ಟು ದೊಡ್ಡ ಆಳುಗಳಿಬ್ಬರಿಗೆ ಜಾಗ ಮಾಡಿಕೊಟ್ಟರೂ ಅವರನ್ನು ಹೊರುವ ಶಕ್ತಿ ವಿಮಾನಕ್ಕೆ ಬರುವುದಿಲ್ಲ. ಇಬ್ಬರೂ ಆರಾಮವಾಗಿ ಕೂರಲೇಬೇಕೆಂದಿದ್ದರೆ, ಹುಟ್ಟಿನಿಂದಲೇ ಅಗಲವಾಗಿರುವ ಬೇರೊಂದು ವಿಮಾನದ ನಕ್ಷೆಯನ್ನು ಕೊಳ್ಳಿ.

ಅಡ್ಡಪಟ್ಟಿಗಳನ್ನು ಈಗಾಗಲೇ ಉದ್ದ ಮಾಡಿ ಅಂಟಿಸಿಬಿಟ್ಟಿದ್ದರೆ, ರೆಕ್ಕೆಯ ಆಧಾರದ ಗೆರೆಯನ್ನು ದಾರ ಹಿಡಿದು ಬಾಲದವರೆಗೆ ಎಳೆಯಿರಿ. ಅಡ್ಡರೆಕ್ಕೆಯನ್ನು ಆ ದಾರದಿಂದಲೇ ಅಳೆದು, ಮರುದಿನ ಬೆಳಿಗ್ಗೆ ಇನ್ನೊಬ್ಬರಿಂದ ಅಳೆಸಿದ ಮೇಲಷ್ಟೇ ಎಪಾಕ್ಸಿ ಕಲಸಿರಿ.